ಶರಣು, ಥಾಯ್ಲೆಂಡಿಗೆ ಹೊಂಟಿ ಅಂದ್ರ ಮೊದಲ ಇಷ್ಟು ಓದು

ಗೆಳೆಯಾ ಶರಣು,

ಎಂ.ಎ. ಇಂಗ್ಲಿಷ್, ಬಿ.ಎಡ್. ಎರಡೂ ಅವ, ಆಳಂದದಾಗ ಅತಿಥಿ ಶಿಕ್ಷಕ ಆಗಿ ಎಷ್ಟು ದಿನ ಇರಲಿ, ಇಂಗ್ಲಿಷ್ ಕಲಸಾಕ ಥಾಯ್ಲೆಂಡಿಗೆ ಹೋಗಲೇನು ಅಂತ ಕೇಳಿದಿ. ಹೋಗು. ಆದ್ರ ‘ನೇಟಿವ್ ಸ್ಪೀಕರ್ ಮಾತ್ರ’, ಅಂದ್ರ ಇಂಗ್ಲಿಷ್ ತಾಯ್ನುಡಿ ಇದ್ದವರು ಮಾತ್ರ ಅಂತ ಬರೆದ ಜಾಹೀರಾತಿಗೆ ಅರ್ಜಿ ಹಾಕಿ ಹೊತ್ತು ಕಳೀಬ್ಯಾಡ. ನಮ್ಮ ಪಾಸ್‌ಪೋರ್ಟ್ ನೋಡಿದ ಕೂಡಲೆ ಬದಿಗಿಡ್ತಾರ, ನಿನ್ನ ಇಂಗ್ಲಿಷ್ ಹೆಂಗದ ಅಂತ ಯಾರೂ ಕೇಳಂಗಿಲ್ಲ. ಅನ್ಯಾಯ ಖರೆ, ಜಗಳಾಡಿ ಫಾಯ್ದಾ ಇಲ್ಲ. ಭಾಷಾ ಕೇಂದ್ರಗಳಕಿಂತ ಶಾಲೆಗಳಿಗೆ ಬರಿ. ಶಾಲೆ ಸುರು ಆಗೋದು ಮೇ ನಡುವ, ಎರಡನೇ ಅವಧಿ ನವೆಂಬರ್ ಸುಮಾರಿಗೆ. ಹಂಗಾಗಿ ಫೆಬ್ರುವರಿ, ಮಾರ್ಚ್‌ದಾಗೇ ಅರ್ಜಿ ಹೋಗಿರಬೇಕು. ಇಂಗ್ಲಿಷ್ ಕಲಿಸೋ ತರಬೇತಿದು 120 ತಾಸಿನ ಟೆಫಲ್ ಸರ್ಟಿಫಿಕೇಟ್, ಟೋಯಿಕ್ ಅನ್ನೋ ಇಂಗ್ಲಿಷ್ ಪರೀಕ್ಷಾದಾಗ 600 ಅಂಕ ಕೈಯಾಗಿದ್ರ ಮಾತು ಮುಂದ ಹೋಗ್ತದ.

ಎಲ್ಲಾದಕಿಂತ ದೊಡ್ಡ ತೊಡಕು ಹೆಸರಿಂದು. ನಮ್ಮ ಕಡಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿನಾಗ ಹೆಸರು, ತಂದಿ ಹೆಸರು. ಡಿಗ್ರಿ ಮ್ಯಾಲ ಬರೇ ಇನಿಶಿಯಲ್. ಆಧಾರದಾಗ ಮನೆತನದ ಅಡ್ಡಹೆಸರು. ಪಾಸ್‌ಪೋರ್ಟಿನಾಗ ಸರ್‌ನೇಮ್ ಖಾಲಿ. ಥಾಯ್ ಗುಮಾಸ್ತನಿಗೆ ಇವು ನಾಕು ಬ್ಯಾರೆ ಬ್ಯಾರೆ ಮಂದಿ. ಮೊದಲ ಪಾಸ್‌ಪೋರ್ಟ್ ಸರಿಮಾಡಿಸು, ಅದು ಕಲಬುರಗಿಯಾಗೇ ಆಗ್ತದ. ಉಳಿದದ್ದಕ್ಕ ‘ಈ ಎಲ್ಲಾ ಹೆಸರಿನ ಮನುಷ್ಯಾ ಒಬ್ಬನೇ’ ಅಂತ ನೋಟರಿ ಅಫಿಡವಿಟ್ ಮಾಡಿಸಿ ಇಟಗೋ.

ಆಮ್ಯಾಲ ಗುಲಬರ್ಗಾ ವಿಶ್ವವಿದ್ಯಾಲಯದ ಘಟಿಕೋತ್ಸವ ಪ್ರಮಾಣಪತ್ರ. ಪ್ರೊವಿಜನಲ್ ನಡೆಯಂಗಿಲ್ಲ. ಅದಕ್ಕ ರಾಜ್ಯ ಸರ್ಕಾರದ ದೃಢೀಕರಣ, ಮ್ಯಾಲ ವಿದೇಶಾಂಗ ಇಲಾಖೆದು, ಕಡೀಕ ಥಾಯ್ ದೂತಾವಾಸದ್ದು ಆಗಬೇಕು; ಈ ಕ್ರಮ ತಪ್ಪಿದ್ರ ತಿರುಗಿ ಬರ್ತದ. ಏಜೆಂಟ್‌ಗಳು ಅಪೋಸ್ಟಿಲ್ (ಹೊರದೇಶಕ್ಕ ಕಾಗದ ಖರೆ ಅಂತ ತೋರಿಸೋ ಗುರುತು) ಸ್ಟಿಕ್ಕರ್ ಹಚ್ಚಿ ರೊಕ್ಕ ತಗೋತಾರ, ಥಾಯ್ಲೆಂಡಿಗೆ ಅಷ್ಟರಿಂದ ಸಾಲಂಗಿಲ್ಲ. ಶಾಲೆಯವರು ಯಾವ ಮುದ್ರಿ ಬೇಕು ಅಂತಾರ, ಅದನ್ನ ಇಮೇಲ್‌ನಾಗ ಬರೆಸಿಕೋ. ಪೊಲೀಸ್ ಕ್ಲಿಯರೆನ್ಸ್ ಕಡೀಕ ತಗೋ, ಯಾಕಂದ್ರ ಹಳೇದಾದ್ರ ಬ್ಯಾಡ ಅಂತಾರ.

ಪ್ರವಾಸಿಯಾಗಿ ಇಳಿದು ಕೆಲಸ ಸುರು ಮಾಡು, ವೀಸಾ ಆಮ್ಯಾಲ ನೋಡೋಣು ಅನ್ನೋರು ಸಿಗ್ತಾರ. ಒಪ್ಪಬ್ಯಾಡ. ಕೆಲಸಕ್ಕ ಹೋಗೋರಿಗೆ ಕೊಡೋ ನಾನ್-ಇಮಿಗ್ರಂಟ್ ಬಿ ವೀಸಾ ತಗೊಂಡೇ ವಿಮಾನ ಹತ್ತು. ಅದು 90 ದಿನದ್ದು. ಅಲ್ಲಿ ಹೋದ ಮ್ಯಾಲ ವರ್ಕ್ ಪರ್ಮಿಟ್, ಶಿಕ್ಷಕರ ಮಂಡಳಿಯ ತಾತ್ಕಾಲಿಕ ಪರವಾನಗಿ ಆಗಿ, ವೀಸಾ ವರ್ಷಕ್ಕ ಬೆಳೀತದ. ಶಾಲೆ ಹೆಸರು ಹೇಳದೆ ‘ಬ್ಯಾಂಕಾಕಿಗೆ ಬಾ, ಗಾಡಿ ಕಳಿಸ್ತೀವಿ’ ಅಂದವರ ಕಡಿ ಕಾಲಿಡಬ್ಯಾಡ. ಹಂಗ ಹೋದವರನ್ನ ಮೇ ಸೊಟ್ ಅನ್ನೋ ಗಡಿ ಊರಿಂದ ದಾಟಿಸಿ ಮ್ಯಾನ್ಮಾರ್‌ನ ಸೈಬರ್ ಮೋಸದ ಅಡ್ಡಾಗಳಿಗೆ ಹಾಕ್ಯಾರ, ನಮ್ಮ ಸರ್ಕಾರನೂ ಈ ಬಗ್ಗೆ ಎಚ್ಚರಿಕೆ ಕೊಟ್ಟದ.

ಕರಾರಿನಾಗ ತಿಂಗಳ ಸಂಬಳ ನೋಡಿ ಖುಷಿ ಪಡಬ್ಯಾಡ, ಎಷ್ಟು ತಿಂಗಳು ಅಂತ ಎಣಿಸು. ಭಾಳಷ್ಟು ಕರಾರು 10 ತಿಂಗಳದು. ಮಾರ್ಚ್-ಏಪ್ರಿಲ್ ಸೂಟಿಗೆ ಪಗಾರ ಇರಂಗಿಲ್ಲ. 12 ತಿಂಗಳು ಕೊಡೋ ಶಾಲೆ ತಿಂಗಳಿಗೆ ಎರಡು ಸಾವಿರ ಬಾತ್ (ಥಾಯ್ ರೊಕ್ಕ) ಕಡಿಮಿ ಕೊಟ್ರೂ ಅದೇ ಚಲೋ. ಮನಿ ಬಾಡಿಗಿಗೆ ಸಾಮಾನ್ಯವಾಗಿ ಎರಡು ತಿಂಗಳ ಡಿಪಾಸಿಟ್, ಒಂದು ತಿಂಗಳ ಮುಂಗಡ ಕೇಳ್ತಾರ. ಮೊದಲ ಸಂಬಳ ತಿಂಗಳ ಕೊನೀಗೆ. ಇಷ್ಟು ರೊಕ್ಕ ಊರಿಂದಲೇ ಹೊಂದಿಸ್ಕೊಂಡು ಹೋಗಬೇಕು.

90 ದಿನಕ್ಕೊಮ್ಮೆ ಇಮಿಗ್ರೇಶನ್‌ಗೆ ವಿಳಾಸ ವರದಿ ಕೊಡಬೇಕು, ಮರೆತ್ರ ದಂಡ. ಕಲಬುರಗಿ ಶರಣಬಸವೇಶ್ವರರ ಜಾತ್ರಿ ಥಾಯ್ ಸೂಟಿ ಸುಮಾರಿಗೆ ಬೀಳ್ತದ, ನೀ ಬರಾಂವನೇ. ಹೊರಡೋಕಿಂತ ಮುಂಚೆ 1,000 ಬಾತ್ ಕಟ್ಟಿ ರೀ-ಎಂಟ್ರಿ ಪರ್ಮಿಟ್, ಅಂದ್ರ ತಿರುಗಿ ಒಳಗ ಬರೋ ಪರವಾನಗಿ ತಗೋ. ಅದಿಲ್ಲದೆ ದೇಶ ಬಿಟ್ರ ವರ್ಷದ ವೀಸಾ ಅಲ್ಲಿಗೇ ಸತ್ತಂಗ, ಮತ್ತ ಮೊದಲಿಂದ ಓಡಾಟ.

ತರಗತಿಯೊಳಗ 40 ಮಕ್ಕಳು ಸಾಮಾನ್ಯ. ಮುಂಜಾನಿ 8ಕ್ಕ ಧ್ವಜದ ಮುಂದ ನಿಲ್ಲಬೇಕು. ‘ಅರ್ಥ ಆತೇನು’ ಅಂದ್ರ ಎಲ್ಲರೂ ಹೂಂ ಅಂತಾರ, ಇಲ್ಲ ಅಂದ್ರ ಸರ್‌ಗೆ ಅವಮಾನ ಅಂತ ಅವರ ಲೆಕ್ಕ. ಅದಕ್ಕ ಕೇಳಬ್ಯಾಡ, ಮಾಡಿ ತೋರಿಸು ಅನ್ನು. ಥಾಯ್ ಮಕ್ಕಳು ಶಬ್ದದ ಕೊನೀ ವ್ಯಂಜನ ನುಂಗ್ತಾರ. ‘ಹೌಸ್’ ಅಂದ್ರ ಕಡೀ ‘ಸ್’ ಹೋಗಿಬಿಡ್ತದ. ನಾವು ತಿರುಗಾಮುರುಗಾ, ಕೊನೀಗೊಂದು ‘ಉ’ ಸೇರಿಸ್ತೀವಿ, ವಿ ಮತ್ತ ಡಬ್ಲ್ಯೂ ಎರಡಕ್ಕೂ ಒಂದೇ ‘ವ’ ಹಚ್ತೀವಿ. ಡೆಮೊ ಪಾಠದಾಗ ಸಿಕ್ಕಿಬೀಳೋದು ಇಲ್ಲೇ. ಹೋಗೋಕಿಂತ ಮುಂಚೆ ನಿನ್ನ ದನಿ ಫೋನ್‌ನಾಗ ರೆಕಾರ್ಡ್ ಮಾಡಿ ತಿದ್ದಕೋ. ಮಕ್ಕಳ ತಲಿ ಮ್ಯಾಲ ಕೈ ಇಡಬ್ಯಾಡ, ಪ್ರೀತಿಯಿಂದನೂ ಬ್ಯಾಡ. ಅಲ್ಲಿ ತಲಿ ಅಂದ್ರ ಭಾಳ ಪವಿತ್ರ.

ಬಿಸಲಿಗೆ ನೀ ಅಂಜಾಂವಲ್ಲ, ಆದ್ರ ಅಲ್ಲಿದು ನಮ್ಮ ಒಣ ಬಿಸಲಲ್ಲ. ಮಳಿಗಾಲದಾಗ ಅರಬಿ ಒಣಗಂಗಿಲ್ಲ, ಚರ್ಮದ ಬೂಟಿಗೆ ಬೂಷ್ಟು ಹಿಡೀತದ, ಸರ್ಟಿಫಿಕೇಟ್ ಪ್ಲಾಸ್ಟಿಕ್‌ನಾಗ ಇಡು. ಜೋಳದ ಹಿಟ್ಟು ಎರಡು ಕಿಲೋಕಿಂತ ಹೆಚ್ಚು ಒಯ್ಯಬ್ಯಾಡ, ಫ್ರಿಜ್ಜಿನಾಗ ಇಡದಿದ್ರ ಹುಳ ಬೀಳ್ತಾವ. ಶೇಂಗಾ ಹಿಂಡಿ ತಡೀತದ. ಕಾಯಿಪಲ್ಯಕ್ಕೂ ಮೀನಿನ ಸಾಸ್ ಹಾಕ್ತಾರ. ಹಳದಿ ಬಾವುಟದ ‘ಜೇ’, ಅಂದ್ರ ಶುದ್ಧ ಶಾಖಾಹಾರಿ ಅಂಗಡಿ ಹುಡುಕು, ಅಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಸುದ್ದಾ ಇರಂಗಿಲ್ಲ.

ಕರಾರು ಬಂದ ಕೂಡಲೆ ಎಲ್ಲಾ ಪುಟದ ಫೋಟೋ ತೆಗೆದು ನನಗ ಕಳಿಸು. ಸಹಿ ಆಮ್ಯಾಲ.

ನಿನ್ನ ಗೆಳೆಯ