ಟರ್ನ್ ಚಿತ್ರಕ್ಕೆ ಹೆಸರಷ್ಟೇ ಸಾಲದು, ವಯಸ್ಸೂ ಬೇಕು

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಮೀನು ಹಿಡಿಯುವ ಟರ್ನ್ (ರೀವ) ಎಂಬ ನೀರುಹಕ್ಕಿಗಳ ಚಿತ್ರಗಳು ಪತ್ರಿಕೆಗಳಲ್ಲಿ ಬರತೊಡಗುತ್ತವೆ. ಚಿತ್ರಗಳು ಚೆನ್ನಾಗಿಯೇ ಇರುತ್ತವೆ, ತೊಡಕಿರುವುದು ಅಡಿಬರಹದಲ್ಲಿ. ಬಲಿತ ಹಕ್ಕಿಯನ್ನೂ ಅದರ ಮರಿಯನ್ನೂ ಎರಡು ಜಾತಿ ಎಂದು ಬರೆಯುವುದು, ವರ್ಷವಿಡೀ ನಮ್ಮ ಹೊಳೆ, ಜಲಾಶಯಗಳಲ್ಲೇ ಇರುವ ರಿವರ್ ಟರ್ನನ್ನು ‘ವಿದೇಶಿ ಅತಿಥಿ’ ಎನ್ನುವುದು ಮಾಮೂಲಾಗಿಬಿಟ್ಟಿದೆ. ಟರ್ನ್‌ಗಳ ಗರಿಯುಡುಗೆ ವಯಸ್ಸಿಗೊಂದು, ಋತುವಿಗೊಂದು. ಅದನ್ನು ಗಮನಿಸದೆ ಹೆಸರು ಹಾಕಿದರೆ ತಪ್ಪುವುದೇ ಹೆಚ್ಚು.

ಮೊದಲು ನಮ್ಮ ರಿವರ್ ಟರ್ನ್. ಮರಿ ಮಾಡುವ ಕಾಲದಲ್ಲಿ ಬಲಿತ ಹಕ್ಕಿಗೆ ಕೊಕ್ಕಿನ ಬುಡದಿಂದ ಕತ್ತಿನ ಹಿಂಭಾಗದವರೆಗೆ ಕಡುಗಪ್ಪು ಟೊಪ್ಪಿ, ಗಾಢ ಹಳದಿ ಕೊಕ್ಕು, ಕೆಂಪು ಕಾಲು, ಆಳವಾಗಿ ಕವಲೊಡೆದ ಉದ್ದ ಬಾಲ. ಗಂಡು ಹೆಣ್ಣು ಎರಡೂ ನೋಡಲು ಒಂದೇ. ‘ಕಪ್ಪು ತಲೆಯದು ಗಂಡು, ಬಿಳಿ ತಲೆಯದು ಹೆಣ್ಣು’ ಎಂದು ಬರೆದಿದ್ದರೆ, ಬರೆದವರು ವಯಸ್ಸನ್ನೋ ಋತುವನ್ನೋ ಲಿಂಗವೆಂದು ತಿಳಿದಿದ್ದಾರೆ ಎಂದೇ ಅರ್ಥ. ಮರಿ ಮಾಡುವ ಕಾಲ ಮುಗಿದ ಮೇಲೆ ನೆತ್ತಿ ಬಿಳಿಚಿಕೊಳ್ಳುತ್ತದೆ, ಕಣ್ಣಿನ ಸುತ್ತ ಮತ್ತು ಹಿಂದೆ ಮಾತ್ರ ಕಪ್ಪು ಉಳಿಯುತ್ತದೆ, ಕೊಕ್ಕಿನ ತುದಿ ಕಪ್ಪಾಗುತ್ತದೆ. ಈ ಕಪ್ಪು ತುದಿ ಕಂಡೊಡನೆ ಬ್ಲ್ಯಾಕ್ ಬೆಲ್ಲೀಡ್ ಟರ್ನ್ ಎಂದು ಸಂಭ್ರಮಿಸುವವರಿದ್ದಾರೆ. ಆ ಹಕ್ಕಿ ಈಗ ತೀರಾ ಅಪರೂಪ. ಉದ್ದ 32-35 ಸೆಂ.ಮೀ., ಕೊಕ್ಕು ತೆಳ್ಳಗೆ, ಬಣ್ಣ ಕಿತ್ತಳೆ. ರಿವರ್ ಟರ್ನ್ 38-46 ಸೆಂ.ಮೀ. ಇರುತ್ತದೆ, ಕೊಕ್ಕೂ ದಪ್ಪ.

ಹಾರಲು ಕಲಿತ ಮರಿಯ ಬೆನ್ನು ನೋಡಿ. ಬಲಿತ ಹಕ್ಕಿಯ ನಯವಾದ ಬೂದು ಅಲ್ಲಿರುವುದಿಲ್ಲ. ಒಂದೊಂದು ಗರಿಗೂ ಮಣ್ಣುಬಣ್ಣದ ಅಂಚು, ಅದರ ಒಳಗೆ ಕಪ್ಪುಗಂದು ಗೆರೆ, ಹೀಗಾಗಿ ಬೆನ್ನೆಲ್ಲ ಮೀನಿನ ಹುರುಪೆಯಂತೆ ಕಾಣುತ್ತದೆ. ತಲೆಯಲ್ಲಿ ಕಂದು ಗೀರು, ಹುಬ್ಬಿನ ಜಾಗದಲ್ಲಿ ಮಾಸಲು ಬಿಳಿ ಪಟ್ಟೆ, ಮಂಕು ಹಳದಿ ಕೊಕ್ಕಿಗೆ ಕಪ್ಪು ತುದಿ, ಗಿಡ್ಡ ಬಾಲ. ಹಾರಲು ಬಂದ ಮೇಲೂ ತಂದೆತಾಯಿ ಮೀನು ತಂದು ಕೊಡುತ್ತವೆ, ಆದ್ದರಿಂದ ‘ಎರಡು ಜಾತಿಗಳ ಸ್ನೇಹ’ ಎಂಬ ಅಡಿಬರಹಕ್ಕೆ ಆಸ್ಪದವಿಲ್ಲ. ಬಾಲವೊಂದನ್ನೇ ನೆಚ್ಚಿಕೊಳ್ಳಬಾರದು. ಬಲಿತ ಹಕ್ಕಿಯ ಬಾಲದ ಹೊರಗರಿಗಳೂ ಮುರಿಯುತ್ತವೆ, ಉದುರುತ್ತವೆ.

ಚಳಿಗಾಲದಲ್ಲಿ ಗೊರೂರಿನ ಹೇಮಾವತಿ ಹಿನ್ನೀರಿನ ಮೇಲೆ ತೇಲಾಡುವ ಚಿಕ್ಕ ಟರ್ನ್ ವಿಸ್ಕರ್ಡ್ ಟರ್ನ್. ಇದು ನಿಜಕ್ಕೂ ವಲಸೆ ಹಕ್ಕಿ. ರಿವರ್ ಟರ್ನ್‌ನಂತೆ ನೀರಿಗೆ ಧುಮುಕುವುದು ಕಡಿಮೆ, ಹೆಚ್ಚಾಗಿ ಮೇಲ್ಮೈಯಿಂದಲೇ ಹುಳ, ಮರಿಮೀನು ಹೆಕ್ಕುತ್ತದೆ. ಚಳಿಗಾಲದಲ್ಲಿ ಇದರ ಹೊಟ್ಟೆ ಬಿಳಿ, ಕಣ್ಣಿನಿಂದ ಹಿಂದಕ್ಕೆ ಕಪ್ಪು ಪಟ್ಟೆ. ಬೆನ್ನಿನಲ್ಲಿ ಇನ್ನೂ ಕಂದು ಗರಿ ಉಳಿದಿದ್ದರೆ ಅದು ಅದೇ ವರ್ಷದ ಮರಿ. ಏಪ್ರಿಲ್ ಹೊತ್ತಿಗೆ ಹೊಟ್ಟೆಯಲ್ಲಿ ಕಡುಬೂದು ತೇಪೆಗಳು ಕಂಡರೆ ಅದು ಮರಿಯಲ್ಲ, ಉಡುಗೆ ಬದಲಿಸುತ್ತಿರುವ ಬಲಿತ ಹಕ್ಕಿ.

ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿದು ಮಂಗಳೂರು, ಮಲ್ಪೆ ಕಡೆ ಹೋಗುವವರಿಗೆ ಗೊಂದಲ ಇನ್ನೂ ಹೆಚ್ಚು. ಲೆಸ್ಸರ್ ಕ್ರೆಸ್ಟೆಡ್ ಟರ್ನ್‌ನ ಕೊಕ್ಕು ಕಿತ್ತಳೆ. ಗ್ರೇಟರ್ ಕ್ರೆಸ್ಟೆಡ್ ಅದಕ್ಕಿಂತ ದೊಡ್ಡದು, ಕೊಕ್ಕು ಹಳದಿ, ಬೆನ್ನಿನ ಬೂದು ಹೆಚ್ಚು ಗಾಢ. ಮರಿ ಮಾಡುವ ಕಾಲದಲ್ಲಿ ಲೆಸ್ಸರ್‌ನ ಟೊಪ್ಪಿ ಕೊಕ್ಕನ್ನು ಮುಟ್ಟುತ್ತದೆ. ಗ್ರೇಟರ್‌ನಲ್ಲಿ ಟೊಪ್ಪಿಗೂ ಕೊಕ್ಕಿಗೂ ನಡುವೆ ಬಿಳಿ ಪಟ್ಟಿ ಉಳಿದಿರುತ್ತದೆ. ಚಳಿಗಾಲದಲ್ಲಿ ಎರಡಕ್ಕೂ ಹಣೆ ಬಿಳಿಯಾಗುವುದರಿಂದ ಈ ಗುರುತು ಕೆಲಸಕ್ಕೆ ಬಾರದು, ಕೊಕ್ಕು ಮತ್ತು ಗಾತ್ರವೇ ಗತಿ. ಮೊದಲ ಚಳಿಗಾಲದ ಹಕ್ಕಿಗಳ ರೆಕ್ಕೆಯಲ್ಲಿ ಕಪ್ಪು ಪಟ್ಟೆಗಳಿರುತ್ತವೆ. ಆದರೆ ಕಾಮನ್ ಟರ್ನ್‌ನಲ್ಲಿ ಎಚ್ಚರ. ರೆಕ್ಕೆ ಮಡಿಸಿದಾಗ ಭುಜದ ಬಳಿ ಕಾಣುವ ಕಪ್ಪು ಪಟ್ಟೆ ಅದರ ಮರಿಗೂ ಇದೆ, ಚಳಿಗಾಲದ ಬಲಿತ ಹಕ್ಕಿಗೂ ಇದೆ.

ರೆಕ್ಕೆಯ ತುದಿ ಕಪ್ಪಗಿರುವುದನ್ನು ಬಹಳ ಮಂದಿ ಎಳೆತನದ ಗುರುತು ಎಂದುಕೊಳ್ಳುತ್ತಾರೆ. ಕಾರಣ ಬೇರೆ. ಹೊಸದಾಗಿ ಹುಟ್ಟಿದ ತುದಿಗರಿಯ ಮೇಲೆ ಬೆಳ್ಳಗಿನ ಪುಡಿ ಸವರಿದಂಥ ಹೊಳಪಿರುತ್ತದೆ. ತಿಂಗಳುಗಟ್ಟಲೆ ಹಾರಿ ಅದು ಸವೆದಾಗ ಕೆಳಗಿನ ಕಪ್ಪು ಹೊರಬರುತ್ತದೆ. ಟರ್ನ್‌ಗಳು ಈ ಗರಿಗಳನ್ನು ಒಳಗಿನಿಂದ ಹೊರಕ್ಕೆ ಒಂದೊಂದಾಗಿ ಬದಲಿಸುವುದರಿಂದ ಒಂದೇ ರೆಕ್ಕೆಯಲ್ಲಿ ಹೊಸ ಬೂದು ಗರಿ, ಹಳೆಯ ಕಪ್ಪು ಗರಿ ಪಕ್ಕಪಕ್ಕದಲ್ಲೇ ಇರುತ್ತವೆ. ಕಪ್ಪು ಗರಿ ಎಂದರೆ ಹಳೆಯ ಗರಿ, ಅಷ್ಟೆ.

ಇನ್ನೊಂದು ತೊಡಕು ಒಂದು ವರ್ಷದ ಹಕ್ಕಿಗಳದ್ದು. ಮೇ ತಿಂಗಳಲ್ಲೂ ಬಿಳಿ ಹಣೆ ಇಟ್ಟುಕೊಂಡು ಕರಾವಳಿಯಲ್ಲೇ ಉಳಿದ ಟರ್ನ್ ರೋಗದ್ದೂ ಅಲ್ಲ, ಹೊಸ ಜಾತಿಯೂ ಅಲ್ಲ. ಕಾಮನ್ ಟರ್ನ್ ಸಾಮಾನ್ಯವಾಗಿ ಮೂರ್ನಾಲ್ಕು ವರ್ಷಕ್ಕೆ ಮರಿ ಮಾಡುತ್ತದೆ, ಅಲ್ಲಿಯವರೆಗೆ ಪೂರ್ತಿ ಟೊಪ್ಪಿ ಬರಲೇಬೇಕೆಂದಿಲ್ಲ.

ನೋಡುವ ಕ್ರಮ ಹೀಗಿದ್ದರೆ ಅನುಕೂಲ. ಸೂರ್ಯ ಬೆನ್ನಿಗಿರಲಿ. ಹಾರುವ ಹಕ್ಕಿಗಿಂತ ಮೊದಲು ಕೂತದ್ದನ್ನು ನೋಡಿ: ಕೊಕ್ಕು, ಹಣೆ, ಬೆನ್ನಿನ ಗರಿಯಂಚು, ಭುಜದ ಪಟ್ಟೆ, ಆಮೇಲೆ ರೆಕ್ಕೆತುದಿ. 8x42 ದುರ್ಬೀನು (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ್ದು) ಸಾಕು, ದೂರದ ನಡುಗಡ್ಡೆಗಾದರೆ ಸ್ಟ್ಯಾಂಡ್ ಮೇಲಿಟ್ಟು ನೋಡುವ ದೂರದರ್ಶಕ, ಅಂದರೆ ಸ್ಪಾಟಿಂಗ್ ಸ್ಕೋಪ್ ಬೇಕು. ನೀರಿನ ಕಪ್ಪು ಹಿನ್ನೆಲೆಯಲ್ಲಿ ಕ್ಯಾಮೆರಾ ಬಿಳಿಯನ್ನು ಸುಟ್ಟುಬಿಡುತ್ತದೆ. ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಅನ್ನು ಮುಕ್ಕಾಲು ಅಥವಾ ಒಂದು ಸ್ಟಾಪ್ ತಗ್ಗಿಸದಿದ್ದರೆ ವಯಸ್ಸು ಹೇಳುವ ಗರಿಯಂಚುಗಳೇ ಅಳಿಸಿಹೋಗುತ್ತವೆ.

ಇದಕ್ಕಾಗಿ ಗೂಡಿನ ನಡುಗಡ್ಡೆಗೆ ದೋಣಿ ಹಚ್ಚುವುದಾಗಲಿ ಡ್ರೋನ್ ಹಾರಿಸುವುದಾಗಲಿ ಖಂಡಿತ ಬೇಡ. ಮೊಟ್ಟೆಗಳಿರುವುದು ಬರೀ ನೆಲದ ತಗ್ಗಿನಲ್ಲಿ. ದೊಡ್ಡವು ಎದ್ದು ಹಾರಿದರೆ ಬಿಸಿಲಿಗೆ ಮೊಟ್ಟೆ, ಮರಿ ಬೇಯುತ್ತವೆ, ಕಾಗೆ ಹದ್ದುಗಳಿಗೂ ದಾರಿ ತೆರೆದಂತಾಗುತ್ತದೆ.

ರಿವರ್ ಟರ್ನ್ 2020ರಿಂದ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ‘ವಲ್ನರಬಲ್’, ಅಂದರೆ ಅಪಾಯಕ್ಕೆ ಈಡಾಗಬಲ್ಲ ಹಕ್ಕಿ. ‘ಇಷ್ಟು ಹಕ್ಕಿ ಕಂಡವು’ ಎಂಬ ಒಟ್ಟು ಲೆಕ್ಕದಿಂದ ಆ ವರ್ಷ ಮರಿಗಳು ಬದುಕಿದವೇ ಎಂದು ತಿಳಿಯದು. ಎಣಿಕೆ ಮಾಡುವವರು ಬಲಿತವು, ಆ ವರ್ಷದ ಮರಿಗಳು, ವಯಸ್ಸು ತಿಳಿಯದವು ಎಂದು ಮೂರು ಅಂಕಣ ಮಾಡಿಕೊಂಡರೆ ಸಾಕು. ಪತ್ರಿಕೆಯೂ ಅಡಿಬರಹದಲ್ಲಿ ಜಾಗ, ದಿನಾಂಕ, ವಯಸ್ಸು ಕೊಡಲಿ. ಚಿತ್ರ ಕಳಿಸುವವರು ಕತ್ತರಿಸದ ಮೂಲ ಚಿತ್ರವನ್ನೂ ಜೊತೆಗಿಟ್ಟರೆ, ಪಕ್ಕದ ಹಕ್ಕಿಯ ಅಳತೆಯಲ್ಲಿ ಗಾತ್ರ ಸರಿನೋಡಬಹುದು.

– ಹವ್ಯಾಸಿ ಪಕ್ಷಿ ವೀಕ್ಷಕರು, ಹಾಸನ