ಯಾತ್ರಿ ನಿವಾಸದ ಗೋಡೆಗೆ ನಾಲ್ಕು ಕೊಕ್ಕೆ ಹಾಕಿಸಿ

ಮಾನ್ಯ ಸಂಪಾದಕರೇ,

ನವರಾತ್ರಿ ರಜೆಗೆ ಕರಾವಳಿಯ ಬಹಳ ಮನೆಗಳಲ್ಲಿ ಪ್ರಯಾಣದ ತಯಾರಿ ನಡೆದಿದೆ. ರಜೆ ಮುಗಿದರೆ ಕಾರ್ತಿಕದ ದೀಪೋತ್ಸವಗಳು, ಅದರ ಬೆನ್ನಿಗೇ ಯಕ್ಷಗಾನ ಮೇಳಗಳ ತಿರುಗಾಟ. ಮಳೆ ಬಿಟ್ಟುಬಿಟ್ಟು ಬಂದು ಅಲ್ಲಲ್ಲಿ ನೀರು ನಿಲ್ಲುವ ಕಾಲವೂ ಇದೇ. ಊರು ಬಿಟ್ಟು ಹೊರಟವರು ಸೊಳ್ಳೆ ಕಡಿತದಿಂದ ಪಾರಾಗುವುದು ಹೇಗೆ ಎಂಬ ಬಗ್ಗೆ, ಮುಖ್ಯವಾಗಿ ಅವರಿಗೆ ತಂಗಲು ಜಾಗ ಕೊಡುವವರು ಮಾಡಬೇಕಾದ ಒಂದು ಸಣ್ಣ ಕೆಲಸದ ಬಗ್ಗೆ, ಸೊಳ್ಳೆ ಪರದೆ ಕಟ್ಟಲು ಗೋಡೆಗೆ ಕೊಕ್ಕೆ ಹಾಕಿಸುವ ಬಗ್ಗೆ, ಈ ಪತ್ರ.

ನಾನು ಮಂಗಳೂರಿನಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿದ್ದವಳು. ನಿವೃತ್ತಿಯಾಗುವವರೆಗೂ ಮಲೇರಿಯಾದ ರಕ್ತಲೇಪನ ನೋಡುವುದೇ ದಿನದ ಕೆಲಸ. ಬೆರಳ ತುದಿಯ ರಕ್ತವನ್ನು ಗಾಜಿನ ಮೇಲೆ ಒಂದು ಕಡೆ ದಪ್ಪಗೆ, ಇನ್ನೊಂದು ಕಡೆ ತೆಳ್ಳಗೆ ಸವರಿ, ಒಣಗಿಸಿ, ಬಣ್ಣ ಹಾಕಿ, ಎಣ್ಣೆಯ ಹನಿ ಇಟ್ಟು ಸೂಕ್ಷ್ಮದರ್ಶಕದಡಿ ಸರಿಸುತ್ತಾ ಹೋಗಬೇಕು. ಇಲ್ಲಿ ಕಾಣುವ ಮಲೇರಿಯಾದಲ್ಲಿ ಮುಖ್ಯವಾಗಿ ಎರಡು ಬಗೆ. ವೈವಾಕ್ಸ್ ಆದರೆ ಕೆಂಪು ರಕ್ತಕಣ ಉಬ್ಬಿರುತ್ತದೆ, ಒಳಗೊಂದು ನೀಲಿ ಉಂಗುರ, ಉಂಗುರಕ್ಕೊಂದು ಕೆಂಪು ಚುಕ್ಕಿ. ಫಾಲ್ಸಿಪಾರಂ ಆದರೆ ಉಂಗುರ ಸಪೂರ, ಕೆಲವೊಮ್ಮೆ ಒಂದೇ ಕಣದಲ್ಲಿ ಎರಡು. ಅದು ಕಂಡರೆ ಉಳಿದ ಸ್ಲೈಡುಗಳನ್ನು ಅಲ್ಲೇ ಬಿಟ್ಟು ಮೊದಲು ಡಾಕ್ಟರಿಗೆ ತಿಳಿಸುತ್ತಿದ್ದೆ. ಆ ಜ್ವರ ಮಿದುಳಿಗೆ, ಕಿಡ್ನಿಗೆ ಏರಲು ಹೆಚ್ಚು ದಿನ ಬೇಡ.

ಪಾಸಿಟಿವ್ ಬಂದವರಲ್ಲಿ ನಾನು ಕೇಳುತ್ತಿದ್ದುದು ಒಂದೇ ಮಾತು: "ಇತ್ತೀಚೆಗೆ ಎಲ್ಲಿಗಾದರೂ ಹೋಗಿದ್ದಿರಾ?" ಹೆಚ್ಚಿನವರು ಮೊದಲು ಇಲ್ಲ ಎನ್ನುವರು. ಸ್ವಲ್ಪ ಹೊತ್ತು ಬಿಟ್ಟು, ಜತೆಗೆ ಬಂದ ಹೆಂಡತಿಯೋ ಅಮ್ಮನೋ ನೆನಪಿಸಿದ ಮೇಲೆ, ಮದುವೆಗೆ ಹೋಗಿದ್ದು, ಹರಕೆ ತೀರಿಸಲು ಹೋಗಿ ರಾತ್ರಿ ಉಳಿದದ್ದು ಹೊರಬೀಳುವುದು. ಅವರು ಮುಚ್ಚಿಡುತ್ತಿದ್ದರೆಂದಲ್ಲ. ಸೊಳ್ಳೆ ಕಚ್ಚಿದ ಮೇಲೆ ಮಲೇರಿಯಾ ಜ್ವರ ಬರಲು ಕಡಿಮೆಯೆಂದರೂ ಒಂದು ವಾರ, ಸಾಮಾನ್ಯವಾಗಿ ಎರಡು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಬ್ಯಾಗು ಅಟ್ಟ ಸೇರಿರುತ್ತದೆ, ಪ್ರಯಾಣ ಮರೆತಿರುತ್ತದೆ. ವೈವಾಕ್ಸ್ ಅಂತೂ ಪಿತ್ತಜನಕಾಂಗದಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಮತ್ತೆ ಎದ್ದು ಬರುತ್ತದೆ. ಅದಕ್ಕೇ 14 ದಿನದ ಪ್ರೈಮಾಕ್ವಿನ್ ಕೋರ್ಸ್ ಕೊಡುವುದು. ಜ್ವರ ಇಳಿಯಿತೆಂದು ನಾಲ್ಕನೇ ದಿನಕ್ಕೆ ಮಾತ್ರೆ ಬಿಟ್ಟು ಬಸ್ಸು ಹತ್ತುವವರನ್ನು ಕಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಇನ್ನೊಂದು ಮಾತನ್ನು ನಮ್ಮವರು ಒಪ್ಪಬೇಕು. ಪ್ರಯಾಣದ ಅಪಾಯವೆಂದರೆ ನಾವು ಹೋಗುವ ಊರಿನದು ಮಾತ್ರವಲ್ಲ. ಹೊರಗಿನಿಂದ ಬರುವವರಿಗೆ ಮಂಗಳೂರೇ ಮಲೇರಿಯಾದ ಊರು. 1990ರ ದಶಕದಿಂದ, ಬಹುಮಹಡಿ ಕಟ್ಟಡಗಳು ಏಳತೊಡಗಿದಾಗಿನಿಂದ, ಅದು ಇಲ್ಲಿ ಬೇರು ಬಿಟ್ಟಿದೆ. ಇಲ್ಲಿ ಅದನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆ ಚರಂಡಿಯ ಕೊಳಕು ನೀರಿನಲ್ಲಿ ಹುಟ್ಟುವುದಲ್ಲ. ಮುಚ್ಚಳವಿಲ್ಲದ ಟ್ಯಾಂಕಿ, ಬಾವಿ, ಸ್ಲ್ಯಾಬಿನ ಕ್ಯೂರಿಂಗಿಗೆ ಕಟ್ಟಿ ನಿಲ್ಲಿಸಿದ ತಿಳಿನೀರು ಅದರ ಜಾಗ. ಕೆಲಸಕ್ಕೆ ಬಂದ ಕಾರ್ಮಿಕರು ರೋಗ ತಂದರು ಎಂದು ಹೇಳುವವರಿದ್ದಾರೆ. ಪರದೆಯಿಲ್ಲದೆ ಸೈಟಿನಲ್ಲೇ ಮಲಗಿ ಇಲ್ಲೇ ಕಚ್ಚಿಸಿಕೊಂಡವರನ್ನೂ ನಾನು ನೋಡಿದ್ದೇನೆ. ಓದಲು ಬರುವ ಮಕ್ಕಳು, ಕಾಸರಗೋಡು, ಶಿವಮೊಗ್ಗ, ಚಿಕ್ಕಮಗಳೂರಿನಿಂದ ಮಂಗಳೂರು, ಮಣಿಪಾಲದ ಆಸ್ಪತ್ರೆಗಳಿಗೆ ರೋಗಿಯ ಜತೆ ಬಂದು ವರಾಂಡದಲ್ಲಿ ಚಾಪೆ ಹಾಸುವವರು, ಇವರೆಲ್ಲ ಪ್ರಯಾಣಿಕರೇ ಅಲ್ಲವೇ?

ಕಚ್ಚುವ ಹೊತ್ತು ತಿಳಿದಿದ್ದರೆ ಅರ್ಧ ಕೆಲಸ ಆದಂತೆ. ಡೆಂಗಿ, ಚಿಕೂನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಹಗಲಿನದು, ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ ಜೋರು. ಅನಾಫಿಲಿಸ್ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಮಂಗಳೂರಿನ ಪಂಪ್‌ವೆಲ್‌ನಲ್ಲೋ ಉಡುಪಿಯ ಕರಾವಳಿ ಬೈಪಾಸಿನಲ್ಲೋ ಬೆಂಗಳೂರು ಬಸ್ಸಿಗೆ ಕಾಯುವ ಹೊತ್ತಿಗೆ ಎರಡೂ ಸಿಗುತ್ತವೆ. ಬಸ್ಸಿಗೆ ಹತ್ತಿದ ಮೇಲೆ ಸೊಳ್ಳೆ ಓಡಿಸುವ ಕ್ರೀಮು ಹುಡುಕಬೇಡಿ, ಮನೆಯಿಂದ ಹೊರಡುವಾಗಲೇ ಹಚ್ಚಿಕೊಳ್ಳಿ. ಕಣಕಾಲು, ಪಾದ, ಕುತ್ತಿಗೆಯ ಹಿಂಭಾಗ ಬಿಡಬೇಡಿ. ತಿಳಿಬಣ್ಣದ ತುಂಬುತೋಳಿನ ಅಂಗಿ, ಕಾಲುಚೀಲ ಇದ್ದರೆ ಒಳ್ಳೆಯದು. ಕಡುಬಣ್ಣದ ಬಟ್ಟೆಗೆ ಈಡಿಸ್ ಹೆಚ್ಚು ಬರುತ್ತದೆ.

ಕ್ರೀಮು, ಸ್ಪ್ರೇ ಕೊಳ್ಳುವಾಗ ಪರಿಮಳ ನೋಡಬೇಡಿ, ಲೇಬಲ್ ನೋಡಿ. ಸೊಳ್ಳೆಯನ್ನು ದೂರವಿಡುವ ರಾಸಾಯನಿಕದ ಹೆಸರು ಅಲ್ಲಿರುತ್ತದೆ. ಡೀಟ್ ಆದರೆ ಶೇ 20ರಿಂದ 30 ಸಾಕು, ಪಿಕಾರಿಡಿನ್ ಕೂಡ ಒಳ್ಳೆಯದು. ಸನ್‌ಸ್ಕ್ರೀನ್ ಹಚ್ಚುವವರು ಅದನ್ನು ಮೊದಲು ಹಚ್ಚಿ, ಮೇಲಿಂದ ಇದನ್ನು ಹಚ್ಚಬೇಕು. ಡೀಟ್ ಕನ್ನಡಕದ ಫ್ರೇಮು, ವಾಚಿನ ಪ್ಲಾಸ್ಟಿಕ್ಕನ್ನು ಹಾಳುಮಾಡುತ್ತದೆ, ಜಾಗ್ರತೆ. ಚಿಕ್ಕ ಮಕ್ಕಳ ಅಂಗೈಗೆ ಹಚ್ಚಬಾರದು, ಅವರು ಬಾಯಿಗೆ ಹಾಕುತ್ತಾರೆ. ಎರಡು ತಿಂಗಳೊಳಗಿನ ಕೂಸಿಗೆ ಡೀಟ್ ಬೇಡವೇ ಬೇಡ, ಪರದೆಯೇ ಗತಿ. ಕೈಗೆ ಕಟ್ಟುವ ಪಟ್ಟಿ, ಶಬ್ದದಿಂದ ಸೊಳ್ಳೆ ಓಡಿಸುತ್ತೇವೆನ್ನುವ ಮೊಬೈಲ್ ಆ್ಯಪ್, ಬೆಳ್ಳುಳ್ಳಿ ತಿನ್ನುವುದು, ಇವುಗಳನ್ನು ನಂಬಿ ಹೋಗಬೇಡಿ. ಆಫ್ರಿಕಾದ ದೇಶಗಳಿಗೆ ಕೆಲಸಕ್ಕೋ ಹಡಗಿನಲ್ಲೋ ಹೋಗುವ ನಮ್ಮ ಹುಡುಗರಿಗೆ ಇಷ್ಟು ಸಾಲದು. ಮಲೇರಿಯಾ ತಡೆಯುವ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಮೊದಲೇ ಶುರುಮಾಡಬೇಕು, ಡಾಕ್ಸಿಸೈಕ್ಲಿನ್ ಆದರೆ ವಾಪಸ್ ಬಂದ ಮೇಲೂ ನಾಲ್ಕು ವಾರ ತೆಗೆದುಕೊಳ್ಳಬೇಕು. ಹಳದಿ ಜ್ವರದ ಲಸಿಕೆ ಬೇಕಾಗುವ ದೇಶಕ್ಕೆ ಹೋಗುವವರು ಅದನ್ನು ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡಿರಬೇಕು.

ಪ್ರಯಾಣ ಮುಗಿಸಿ ಬಂದವರಿಗೆ ಒಂದು ತಿಂಗಳೊಳಗೆ ಜ್ವರ ಬಂದರೆ, ಡಾಕ್ಟರು ಕೇಳದಿದ್ದರೂ ಎಲ್ಲಿಗೆ ಹೋಗಿದ್ದಿರಿ ಎಂದು ನೀವೇ ಹೇಳಿ. ಬೆಂಗಳೂರಿನಲ್ಲಿ ಜ್ವರ ಹಿಡಿದ ಮಂಗಳೂರಿನವರೂ ಊರಿನ ಹೆಸರು ಹೇಳಲೇಬೇಕು. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ. ಡೆಂಗಿಯಾಗಿದ್ದರೆ ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ತರಬಹುದು. ರಕ್ತಪರೀಕ್ಷೆ ಒಮ್ಮೆ ನೆಗೆಟಿವ್ ಬಂತೆಂದು ಸುಮ್ಮನಾಗದೆ, ಜ್ವರ ಬಿಡದಿದ್ದರೆ ಮತ್ತೊಮ್ಮೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ.

ಈಗ ಕೊಕ್ಕೆಯ ವಿಷಯ. ರಾತ್ರಿ ಮಲಗುವವನಿಗೆ ಸೊಳ್ಳೆ ಪರದೆಯಷ್ಟು ಖಾತ್ರಿಯಾದದ್ದು ಬೇರೆ ಇಲ್ಲ. ಮಡಚಿದರೆ ಒಂದು ಲುಂಗಿಯಷ್ಟು ಜಾಗ, ನಾನು ಎಲ್ಲಿಗೆ ಹೋದರೂ ಒಯ್ಯುತ್ತೇನೆ. ಆದರೆ ಕಟ್ಟುವುದು ಎಲ್ಲಿಗೆ? ಕಳೆದ ವರ್ಷ ಒಂದು ಕ್ಷೇತ್ರದ ವಸತಿಗೃಹದಲ್ಲಿ ಮೊಮ್ಮಗುವಿನ ಜತೆ ಉಳಿದಾಗ ಒಂದು ದಾರವನ್ನು ಕಿಟಕಿಯ ಸರಳಿಗೆ, ಒಂದನ್ನು ಕಪಾಟಿನ ಹಿಡಿಗೆ, ಮೂರನೆಯದನ್ನು ಬಾಗಿಲ ಚಿಲಕಕ್ಕೆ ಕಟ್ಟಿದೆ. ನಾಲ್ಕನೇ ಮೂಲೆಗೆ ಏನೂ ಇರಲಿಲ್ಲ. ಪರದೆ ಇಳಿಬಿದ್ದು ಮಗುವಿನ ಕೈಗೆ ತಾಗುತ್ತಿತ್ತು. ಮೈಗೆ ತಾಗಿದರೆ ಸೊಳ್ಳೆ ಪರದೆಯ ಹೊರಗಿನಿಂದಲೇ ಕಚ್ಚುತ್ತದೆ. ಕಿಟಕಿಗೇನೋ ಜಾಲರಿ ಇತ್ತು, ಬಚ್ಚಲಿನ ವೆಂಟಿಲೇಟರಿನ ಗಾಜಿನ ಪಟ್ಟಿಗಳು ಮಾತ್ರ ತೆರೆದೇ ಇದ್ದವು. ಅದರ ಕೆಳಗೆ ಯಾವತ್ತೋ ತುಂಬಿಸಿಟ್ಟ ಬಕೆಟ್, ಬಗ್ಗಿ ನೋಡಿದರೆ ನೀರಿನಲ್ಲಿ ಲಾರ್ವಾ ಕುಣಿಯುತ್ತಿದ್ದವು.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ಗೊತ್ತುಮಾಡಿದೆ. ನಗರದಲ್ಲಿ ಮನೆಗಳಿಗೆ 400 ರೂಪಾಯಿ, ವಾಣಿಜ್ಯ ಕಟ್ಟಡಗಳಿಗೆ 1,000, ಕಾಮಗಾರಿ ನಡೆಯುವ ಜಾಗಕ್ಕೆ 2,000. ದಂಡ ಹಾಕುವುದರ ಜತೆಗೆ, ಲಾಡ್ಜುಗಳ ಪರವಾನಗಿ ನವೀಕರಿಸುವಾಗ ಬಚ್ಚಲ ವೆಂಟಿಲೇಟರಿಗೆ ಜಾಲರಿ ಇದೆಯೇ, ಮಂಚಕ್ಕೆ ಪರದೆ ಕಟ್ಟಲು ಬರುತ್ತದೆಯೇ ಎಂದು ನೋಡುವಂತಾಗಬೇಕು. ದೇವಸ್ಥಾನಗಳ ಆಡಳಿತ ಮಂಡಳಿಗಳು, ರೋಗಿಗಳ ಕಡೆಯವರಿಗೆ ತಂಗುವ ಹಾಲ್ ಕಟ್ಟಿಸಿದ ಆಸ್ಪತ್ರೆಗಳು, ಹಾಸ್ಟೆಲ್ ನಡೆಸುವವರು ಯಾರ ಆದೇಶಕ್ಕೂ ಕಾಯದೆ ಇದನ್ನು ಮಾಡಬಹುದು. ಮಂಚದ ನಾಲ್ಕು ಮೂಲೆಗೆ ನೇರವಾಗಿ, ನೆಲದಿಂದ ಆರಡಿ ಎತ್ತರದಲ್ಲಿ ಒಂದೊಂದು ಕೊಕ್ಕೆ. ಗೋಡೆ ದೂರವಿರುವ ಕಡೆ ಮಂಚದ ಕಾಲಿಗೇ ಕೋಲು ಸಿಕ್ಕಿಸಲು ಒಂದು ಕೊಳವೆ ಬೆಸೆದರಾಯಿತು. ದೀಪೋತ್ಸವದ ಜನ ಬರುವ ಮೊದಲು ಮುಗಿಸಬಹುದಾದ ಕೆಲಸ ಇದು.

ನಿವೃತ್ತ ಲ್ಯಾಬ್ ಟೆಕ್ನೀಷಿಯನ್,
ಬಿಜೈ, ಮಂಗಳೂರು