ಮಂಡಿ ನೋವಿನ ವಿಚಾರ ಅಮ್ಮನಿಗೆ

ಬರ್ಮಿಂಗ್‌ಹ್ಯಾಮ್, ಭಾನುವಾರ

ಅಮ್ಮನಿಗೆ ನಮಸ್ಕಾರ. ನಾವೆಲ್ಲ ಕ್ಷೇಮ. ಪುಟ್ಟಿಯ ನೆಗಡಿ ಹೋಯ್ತು.

ನಿನ್ನ ಕಾಗದ ಓದಿ ನಿದ್ದೆ ಬರಲಿಲ್ಲ. ಮಂಡಿ ಬದಲಾಯಿಸಿ ವರ್ಷವಾಗುತ್ತಾ ಬಂತು, ಎಕ್ಸ್‌ರೇಯಲ್ಲಿ ಎಲ್ಲ ಸರಿ, ನೋವು ಮಾತ್ರ ಹಾಗೇ ಇದೆ ಅಂತ ಬರೆದಿದ್ದೀಯ. ಚಿಕ್ಕಪ್ಪ 'ಎಲ್ಲ ಮನಸ್ಸಿನ ಭ್ರಮೆ' ಅಂದರಂತೆ. ಭ್ರಮೆ ಅಲ್ಲಮ್ಮ. ಆಪರೇಷನ್ ಆಗಿ 3 ತಿಂಗಳು ಕಳೆದರೂ ಬಿಡದ ನೋವಿಗೆ ಡಾಕ್ಟರುಗಳ ಪುಸ್ತಕದಲ್ಲೇ ಬೇರೆ ಹೆಸರಿದೆ. ಮಂಡಿ ಬದಲಾಯಿಸಿದ 5 ಜನರಲ್ಲಿ ಸುಮಾರು ಒಬ್ಬರಿಗೆ ಹೀಗಾಗುತ್ತದೆ. ಗಾಯ ಮಾಗಿದರೂ ಕೆಲವರ ನರಗಳು ಸುಮ್ಮನಾಗುವುದಿಲ್ಲ, ಕಳ್ಳ ಹೋದ ಮೇಲೂ ಬೊಗಳುವ ನಾಯಿಯ ಹಾಗೆ.

ದುಡ್ಡು ದಂಡವಾಯ್ತು, ಇನ್ನೊಂದು ಸಲ ಕೊಯ್ಯಿಸೋಣ ಅಂತ ಅಪ್ಪ ಹೇಳ್ತಿದ್ದಾರಾ? ಬೇಡವೇ ಬೇಡ. ಕಾರಣ ಗೊತ್ತಾಗದೆ ಮತ್ತೆ ಕೊಯ್ದರೆ ಉಪಯೋಗ ಕಡಿಮೆ. ಮೊದಲು ಒಳಗೆ ಕೀವು ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಿ, ಹಾಕಿದ ಮಂಡಿ ಸಡಿಲವಾಗಿಲ್ಲ ಅಂತ ಡಾಕ್ಟರಿಗೆ ತೋರಿಸಿ ಖಾತ್ರಿ ಮಾಡಿಕೊಳ್ಳಿ. ಜ್ವರ ಬಂದರೆ, ಮಂಡಿ ಕೆಂಪಾಗಿ ಊದಿಕೊಂಡರೆ ಅವತ್ತೇ ಹೋಗಬೇಕು.

ಆಮೇಲೆ ಆ ನೋವಿನ ಮಾತ್ರೆ, ಡೈಕ್ಲೋಫೆನಾಕ್. ಅಡುಗೆಮನೆ ಶೆಲ್ಫಿನ ಹಾರ್ಲಿಕ್ಸ್ ಬಾಟಲಿಯಲ್ಲಿ ಕತ್ತರಿಸಿದ ಸ್ಟ್ರಿಪ್ಪುಗಳು ತುಂಬಿವೆ ಅಂತ ತಮ್ಮ ಹೇಳಿದ. ನಿನಗೆ ಬಿಪಿ ಇದೆ, ಮೆಡಿಕಲ್ ಶಾಪಿನವನು ಕೊಟ್ಟಿದ್ದನ್ನೆಲ್ಲ ದಿನಾ ನುಂಗಿದರೆ ಕಿಡ್ನಿಗೆ ಕುತ್ತು. ನರದ ನೋವಿಗೆ ಬೇರೆ ಮಾತ್ರೆಗಳಿವೆ. ಡಾಕ್ಟರು ಕೊಟ್ಟರೆ ತಗೋ. ಮಂಪರು ಬರುತ್ತೆ ಅಂತ ನೀನೇ ಥಟ್ಟನೆ ನಿಲ್ಲಿಸಬೇಡ, ಅವರನ್ನೇ ಕೇಳು.

ಇಲ್ಲಿ ನಮ್ಮ ವಾರ್ಡಿನಲ್ಲಿ ಆಪರೇಷನ್ ಆದ ದಿನವೇ ಎಬ್ಬಿಸಿ ನಿಲ್ಲಿಸ್ತೀವಿ, ಟೀ, ಟೋಸ್ಟ್ ಬೇರೆ ಕೊಡ್ತೀವಿ. ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಕೇಳಿದರೆ ಅಜ್ಜಿಯರು ತುಟಿ ಕಚ್ಚಿಕೊಂಡೇ 'ಅಷ್ಟೇನಿಲ್ಲ' ಅಂತಾರೆ. ನೀನೂ ಅದೇ ಜಾತಿ. ಆದರೆ ನೋವಿನ ಕ್ಲಿನಿಕ್ಕಿಗೆ ಇಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಅದಕ್ಕಿಂತ ನೀವು ಮಣಿಪಾಲಕ್ಕೆ ಬೇಗ ಹೋಗಿ ಬರಬಹುದು, ಅಲ್ವಾ?

ನೋವು ಕಡಿಮೆ ಇದ್ದ ದಿನ ಇಡೀ ಮನೆ ಒರೆಸಿ ಮರುದಿನ ಮಲಗಬೇಡ. ದಿನಾ ಸ್ವಲ್ಪ ಸ್ವಲ್ಪ ನಡಿ, ಅಂಗಳದಲ್ಲೇ ಸಾಕು. ಪೂಜೆಗೆ ನೆಲದಲ್ಲಿ ಕೂರಬೇಡ, ದೇವರು ಬೇಜಾರು ಮಾಡಿಕೊಳ್ಳಲ್ಲ.

ಏನೂ ಆಗಲ್ಲ, ಖಂಡಿತ ಏನೂ ಆಗಲ್ಲ. ನಾನು ಹೆದರಿಲ್ಲ, ನೀನೂ ಹೆದರಬೇಡ. ತಮ್ಮನ ಖಾತೆಗೆ ದುಡ್ಡು ಹಾಕಿದ್ದೀನಿ, ಮಣಿಪಾಲದ ಖರ್ಚಿಗೆ ಮಾತ್ರ. ಡ್ಯೂಟಿಗೆ ಹೊತ್ತಾಯ್ತು, ಬಸ್ಸು ತಪ್ಪುತ್ತೆ.

ನಿನ್ನ ಮಗಳು,
ಶೈಲು